ಹಳೇ ಕಬ್ಬಿಣದ ಮರುಹುಟ್ಟು

ಗರುಡಾಚಾರ್‌ಪಾಳ್ಯದಲ್ಲಿ ಮೆಟ್ರೊ ರೈಲು ಹತ್ತಿ ವೈಟ್‌ಫೀಲ್ಡ್ ದಿಕ್ಕಿಗೆ ಹೊರಟರೆ ಮುಂದಿನ ನಿಲ್ದಾಣ ಹೂಡಿ, ಅದರ ಮುಂದಿನದು ಸೀತಾರಾಮಪಾಳ್ಯ. 2023ರ ಮಾರ್ಚ್‌ನಲ್ಲಿ ಆರಂಭವಾದ ಈ ಮಾರ್ಗದ ಆಸುಪಾಸಿನಲ್ಲಿ ಓಡಾಡುವ ವಿದ್ಯಾರ್ಥಿಗಳ ಕಿವಿಗೆ ‘ಗ್ರಾಫೈಟ್ ಇಂಡಿಯಾ’ ಎಂಬ ಮಾತು ಬಿದ್ದೇ ಇರುತ್ತದೆ. ಸಿಗ್ನಲ್ಲಿಗೆ ಆ ಹೆಸರು, ರಸ್ತೆಗೂ ಆ ಹೆಸರು. ಹೆಸರು ಕೊಟ್ಟ ಕಾರ್ಖಾನೆ ಮಾತ್ರ 2019ರಲ್ಲೇ ಬಾಗಿಲು ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದುದೇನು? ಗ್ರಾಫೈಟ್ ಎಂದೊಡನೆ ನೆನಪಾಗುವುದು ಪೆನ್ಸಿಲಿನ ಕಡ್ಡಿ. ಆದರೆ ಈ ಕಾರ್ಖಾನೆಯ ಗ್ರಾಫೈಟ್ ಕಡ್ಡಿಗಳು ಬರೆಯುವುದಕ್ಕಲ್ಲ, ಉಕ್ಕು ಕರಗಿಸುವುದಕ್ಕೆ. ಗುಜರಿಗೆ ಬಿದ್ದ ಕಬ್ಬಿಣಕ್ಕೆ ಮರುಜನ್ಮ ಕೊಡುವ ಕುಲುಮೆಗೆ ಬೇಕಾದ ದೈತ್ಯ ಕಡ್ಡಿಗಳು ಅವು.

ಕಸದಿಂದ ರಸ ತೆಗೆಯಲು ನೆರವಾಗುವ ಸಾಧನವನ್ನು ಮಾಡುತ್ತಿದ್ದ ಕಾರ್ಖಾನೆಯೇ ನೆರೆಹೊರೆಯ ದೂರಿಗೆ ಗುರಿಯಾಗಿ ಮುಚ್ಚಿಹೋಯಿತು. ಇದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ, ಇಂದು ಎಲ್ಲೆಡೆ ಕೇಳಿಬರುತ್ತಿರುವ ‘ಚಕ್ರೀಯ ಆರ್ಥಿಕತೆ’ ಎಂಬ ಮಾತಿನ ಅರ್ಥ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಗಣಿಯಿಂದ ತೆಗೆ, ವಸ್ತು ಮಾಡು, ಬಳಸು, ಎಸೆ. ಇದು ಗೆರೆಯಂತೆ ಒಂದೇ ಕಡೆಗೆ ಸಾಗುವ ದಾರಿ. ಎಸೆಯುವ ಬದಲು ರಿಪೇರಿ ಮಾಡಿ, ಬಿಡಿಭಾಗ ತೆಗೆದು ಮತ್ತೆ ಬಳಸಿ, ಕಡೆಗೆ ಉಳಿದುದನ್ನು ಕರಗಿಸಿ ಪುನಃ ಕಚ್ಚಾವಸ್ತು ಮಾಡಿದರೆ ಗೆರೆಯ ಎರಡು ತುದಿಗಳು ಕೂಡಿ ಚಕ್ರವಾಗುತ್ತದೆ. ಚಕ್ರೀಯ ಆರ್ಥಿಕತೆ ಎಂದರೆ ಇಷ್ಟೇ. ಹೇಳುವುದು ಸುಲಭ. ಚಕ್ರ ಎಲ್ಲೆಲ್ಲಿ ತೊಡಕುತ್ತದೆ ಎಂಬುದನ್ನು ತಿಳಿಯಲು ಕುಲುಮೆಯ ಒಳಕ್ಕೇ ಇಣುಕಬೇಕು.

ಕಮಾನಿನ ಬೆಂಕಿ

ಎರಡು ಇಂಗಾಲದ ಕಡ್ಡಿಗಳಿಗೆ ಪ್ರಬಲ ವಿದ್ಯುತ್ ಹರಿಸಿ, ತುದಿಗಳನ್ನು ತಾಗಿಸಿ ಮೆಲ್ಲಗೆ ದೂರ ಸರಿಸಿದರೆ ನಡುವಿನ ಗಾಳಿಯೇ ವಿದ್ಯುದ್ವಾಹಕವಾಗಿ ಕಣ್ಣು ಕೋರೈಸುವ ಬೆಳಕು ಕಾಣಿಸಿಕೊಳ್ಳುತ್ತದೆ. ಇದಕ್ಕೆ ವಿದ್ಯುತ್ ಕಮಾನು ಎನ್ನುತ್ತಾರೆ. ವೆಲ್ಡಿಂಗ್ ಅಂಗಡಿಯ ಮುಂದೆ ಕಾಣುವ ನೀಲಿ ಬೆಳಕೂ ಇದೇ ಜಾತಿಯದು (ಅದನ್ನು ಬರಿಗಣ್ಣಿನಿಂದ ನೋಡಬಾರದು). ಕಮಾನಿನ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸನ್ನೂ ಮೀರುತ್ತದೆ. ಕಬ್ಬಿಣ ಕರಗಲು ಬೇಕಾದುದು 1,538 ಡಿಗ್ರಿ ಮಾತ್ರ. ಈ ಶಾಖದಿಂದ ಉಕ್ಕು ಮಾಡಬಹುದೆಂದು 1900ರ ಸುಮಾರಿಗೆ ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಹೆರೌಲ್ಟ್. ಅಲ್ಯೂಮಿನಿಯಂ ತಯಾರಿಕೆಯ ಪಾಠದಲ್ಲಿ ಹಾಲ್ ಅವರೊಂದಿಗೆ ಜೋಡಿಯಾಗಿ ಬರುವ ಹೆರೌಲ್ಟ್ ಇವನೇ.

ಕಮಾನು ಕುಲುಮೆ ಎಂದರೆ ಒಳಗೆ ಶಾಖ ತಡೆಯುವ ಇಟ್ಟಿಗೆ ಹೊದಿಸಿದ ಒಂದು ದೊಡ್ಡ ಹಂಡೆ. ಹಳೇ ಕಾರಿನ ಮೈ, ಮುರಿದ ಯಂತ್ರ, ಕಟ್ಟಡ ಕೆಡವಿದಾಗ ಬಂದ ಸರಳು ಎಲ್ಲವನ್ನೂ ಅದಕ್ಕೆ ತುಂಬುತ್ತಾರೆ. ಮುಚ್ಚಳದ ತೂತುಗಳಿಂದ ಸಾಮಾನ್ಯವಾಗಿ ಮೂರು ಗ್ರಾಫೈಟ್ ಕಂಬಗಳು ಕೆಳಗಿಳಿಯುತ್ತವೆ. ಮೂರೇ ಏಕೆ? ವಿದ್ಯುತ್ ಬರುವುದು ಮೂರು ಫೇಸುಗಳಲ್ಲಿ, ಫೇಸಿಗೊಂದು ಕಂಬ. ಕಂಬಕ್ಕೂ ಗುಜರಿಗೂ ನಡುವೆ ಕಮಾನು ಹೊತ್ತಿಕೊಂಡು ಕಬ್ಬಿಣ ನೀರಾಗುತ್ತದೆ. ಒಂದು ಟನ್ ಗುಜರಿ ಕರಗಿಸಲು ಸುಮಾರು 400 ಯೂನಿಟ್ ವಿದ್ಯುತ್ ಬೇಕು. ತಿಂಗಳಿಗೆ 100 ಯೂನಿಟ್ ಖರ್ಚು ಮಾಡುವ ಮನೆಗೆ ಇದು ನಾಲ್ಕು ತಿಂಗಳ ಬಿಲ್ಲು. ಭಾರತದ ಅನೇಕ ಸಣ್ಣ ಘಟಕಗಳು ಕಂಬಗಳಿಲ್ಲದ ಇಂಡಕ್ಷನ್ ಕುಲುಮೆಯನ್ನು ಬಳಸುತ್ತವೆ. ಆದರೆ ದೊಡ್ಡ ಪ್ರಮಾಣದಲ್ಲಿ ಗುಜರಿಯಿಂದ ಉಕ್ಕು ಮಾಡುವ ಪ್ರಪಂಚದ ಕಾರ್ಖಾನೆಗಳೆಲ್ಲ ನಂಬಿರುವುದು ಕಮಾನನ್ನೇ.

ಈ ಕೆಲಸಕ್ಕೆ ಗ್ರಾಫೈಟೇ ಏಕೆ ಬೇಕು? ತಾಮ್ರದ ಕಂಬವಾದರೆ ಕ್ಷಣದಲ್ಲಿ ಕರಗಿಹೋಗುತ್ತದೆ. ಗ್ರಾಫೈಟ್ ವಿದ್ಯುತ್ತನ್ನು ಹರಿಯಗೊಡುತ್ತದೆ, ಸಾಮಾನ್ಯ ಒತ್ತಡದಲ್ಲಿ ಕರಗುವುದಿಲ್ಲ, 3,600 ಡಿಗ್ರಿಯ ಸುಮಾರಿಗೆ ನೇರವಾಗಿ ಆವಿಯಾಗುತ್ತದೆ. ಇನ್ನೂ ಸೋಜಿಗವೆಂದರೆ, ಸುಮಾರು 2,500 ಡಿಗ್ರಿಯವರೆಗೆ ಕಾದಷ್ಟೂ ಅದರ ಬಲ ಹೆಚ್ಚುತ್ತದೆ. ಆದರೂ ಕಂಬ ಸವೆಯದೆ ಇರದು. ಬದಿಗಳಲ್ಲಿ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ, ತುದಿಯಲ್ಲಿ ಆವಿಯಾಗುತ್ತದೆ. ಒಂದು ಟನ್ ಉಕ್ಕಿಗೆ ಎರಡು ಕಿಲೋ ಆಸುಪಾಸು ಗ್ರಾಫೈಟ್ ಹೀಗೆ ಖರ್ಚಾಗುತ್ತದೆ.

ಇಲ್ಲೊಂದು ಜಾಣ ವಿನ್ಯಾಸವನ್ನು ಗಮನಿಸಬೇಕು. ಕಂಬ ಒಂದೇ ತುಂಡಲ್ಲ. ತುಂಡಿನ ಎರಡೂ ತುದಿಗಳಲ್ಲಿ ಸ್ಕ್ರೂವಿನಂತೆ ಮರೆ ಕೊರೆದಿರುತ್ತಾರೆ. ಕೆಳಗಿನ ತುಂಡು ಸವೆಯುತ್ತ ಬಂದಂತೆ ಮೇಲೆ ಹೊಸ ತುಂಡನ್ನು ತಿರುಗಿಸಿ ಕೂರಿಸುತ್ತಾರೆ. ಮೋಟು ಉಳಿಯಿತೆಂದು ಎಸೆಯುವ ಪ್ರಶ್ನೆಯೇ ಇಲ್ಲ. ಮೋಟು ಪೆನ್ಸಿಲಿಗೆ ಹೊಸ ಪೆನ್ಸಿಲನ್ನು ಜೋಡಿಸಿ ಕೊನೆಯ ಚೂರಿನವರೆಗೂ ಬರೆದ ಹಾಗೆ.

ಒಬ್ಬರ ಕಸ, ಇನ್ನೊಬ್ಬರ ಸರಕು

ಈ ಕಂಬಗಳನ್ನು ಮಾಡುವುದಾದರೂ ಯಾವುದರಿಂದ? ಪೆಟ್ರೋಲಿಯಂ ಕೋಕ್‌ನಿಂದ ಮತ್ತು ಕಲ್ಲಿದ್ದಲಿನ ಡಾಂಬರಿನಿಂದ. ಕಚ್ಚಾತೈಲದಿಂದ ಪೆಟ್ರೋಲು, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಷ್ಟನ್ನು ಕಾಯಿಸಿದಾಗ ಸಿಗುವುದು ಮೊದಲನೆಯದು. ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ಮಾಡಲು ಕಲ್ಲಿದ್ದಲನ್ನು ಬೇಯಿಸುವಾಗ ಒಸರುವ ಕಪ್ಪು ಅಂಟಿನಿಂದ ಸಿಗುವುದು ಎರಡನೆಯದು. ಎರಡೂ ಬೇರೆ ಉದ್ಯಮಗಳ ಉಪೋತ್ಪನ್ನಗಳೇ. ಅವನ್ನು ಬೆರೆಸಿ, ಅಚ್ಚಿನಿಂದ ಒತ್ತಿ, ವಾರಗಟ್ಟಲೆ ಸುಟ್ಟು, ಮತ್ತೆ ಡಾಂಬರು ಕುಡಿಸಿ ಸುಟ್ಟು, ಕಡೆಗೆ 2,800 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸುತ್ತಾರೆ. ಆಗ ಅಡ್ಡಾದಿಡ್ಡಿಯಾಗಿದ್ದ ಇಂಗಾಲದ ಪರಮಾಣುಗಳು ಹಾಳೆಗಳ ಕಟ್ಟಿನಂತೆ ಒಪ್ಪವಾಗಿ ಜೋಡಣೆಗೊಂಡು ಗ್ರಾಫೈಟ್ ಆಗುತ್ತದೆ. ಮೊದಲಿನಿಂದ ಕೊನೆಯವರೆಗೆ ತಿಂಗಳುಗಳೇ ಹಿಡಿಯುತ್ತವೆ.

ಇಷ್ಟೆಲ್ಲ ಪಾಡುಪಟ್ಟು ಗುಜರಿ ಕರಗಿಸುವುದರಿಂದ ಲಾಭವೇನು? ವಿಶ್ವ ಉಕ್ಕು ಸಂಘದ ಲೆಕ್ಕದಂತೆ ಒಂದು ಟನ್ ಗುಜರಿ ಬಳಸಿದರೆ 1,400 ಕಿಲೋ ಕಬ್ಬಿಣದ ಅದಿರು, 740 ಕಿಲೋ ಕಲ್ಲಿದ್ದಲು, 120 ಕಿಲೋ ಸುಣ್ಣದ ಕಲ್ಲು ಉಳಿಯುತ್ತದೆ. ಅದಿರಿನಿಂದ ಒಂದು ಟನ್ ಉಕ್ಕು ಮಾಡುವಾಗ ಎರಡು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಜರಿಯಿಂದ ಮಾಡಿದರೆ ಸುಮಾರು ಮೂರನೇ ಒಂದು ಪಾಲು. ವಿದ್ಯುತ್ತು ಕಲ್ಲಿದ್ದಲಿನದೋ ಬಿಸಿಲು ಗಾಳಿಯದೋ ಎಂಬುದರ ಮೇಲೆ ಈ ಲೆಕ್ಕ ಹೆಚ್ಚುಕಡಿಮೆಯಾಗುತ್ತದೆ.

ಅದಿರು ಉಳಿಯುವುದೆಂದರೆ ಬೆಟ್ಟ ಉಳಿಯುವುದು. ಈ ಮಾತು ಕರ್ನಾಟಕದವರಿಗೆ ಬೇರೆ ಹೇಳಬೇಕಿಲ್ಲ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯ ಹಾನಿಯನ್ನು ಕಂಡು 2011ರ ಜುಲೈನಲ್ಲಿ ಸುಪ್ರೀಂ ಕೋರ್ಟೇ ಅಲ್ಲಿನ ಅದಿರು ತೆಗೆಯುವುದನ್ನು ನಿಲ್ಲಿಸಬೇಕಾಗಿ ಬಂದಿತ್ತು. ಬೆಂಗಳೂರಿನ ಗುಜರಿಯಂಗಡಿಗೆ ಹೋಗುವ ಒಂದು ಹಳೇ ಬೀರು ಸಂಡೂರಿನ ಬೆಟ್ಟದ ಒಂದು ಬುಟ್ಟಿ ಮಣ್ಣನ್ನು ಅಲ್ಲೇ ಉಳಿಸುತ್ತದೆ ಎಂದುಕೊಳ್ಳಬಹುದು.

ಕಪ್ಪು ಧೂಳು

ಹಾಗಾದರೆ ಗ್ರಾಫೈಟ್ ಕಾರ್ಖಾನೆ ಮಾಡಿದ್ದು ಪುಣ್ಯದ ಕೆಲಸವೇ ಅಲ್ಲವೇ? ಅರ್ಧ ಹೌದು. ಇನ್ನರ್ಧ ಕಥೆ ನೆರೆಮನೆಗಳ ಮಹಡಿಯ ಮೇಲಿದೆ.

ಕಾರ್ಖಾನೆ ಬಂದ ಕಾಲಕ್ಕೆ ಅದು ಊರಾಚೆಯ ಕೈಗಾರಿಕಾ ಪ್ರದೇಶ. ಮುಂದೆ ಮಹದೇವಪುರ, ಹೂಡಿ, ಕುಂದಲಹಳ್ಳಿಗಳ ಸುತ್ತ ಮನೆಗಳೂ ಕಚೇರಿಗಳೂ ಎದ್ದವು. ನೆಲ ಒರೆಸಿದಷ್ಟೂ ಕಪ್ಪಾಗುತ್ತದೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಕೂರುತ್ತದೆ ಎಂದು ನಿವಾಸಿಗಳು ವರ್ಷಗಟ್ಟಲೆ ದೂರಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕಡೆಗೆ 2019ರಲ್ಲಿ ಕಂಪನಿ ತನ್ನ ಬೆಂಗಳೂರು ಘಟಕವನ್ನು ಮುಚ್ಚಿತು. ನೆರೆಯವರು ನಿಟ್ಟುಸಿರು ಬಿಟ್ಟರು. ಅಲ್ಲೇ ದುಡಿದು ಬದುಕುತ್ತಿದ್ದವರಿಗೆ ಅನ್ನದ ದಾರಿ ತಪ್ಪಿತು.

ಇಂಗಾಲದ ಪುಡಿ ಎಷ್ಟು ನುಣುಪಾಗಿರುತ್ತದೆ ಎಂಬುದನ್ನು ಪೆನ್ಸಿಲಿನ ಕಡ್ಡಿಯನ್ನು ಉಜ್ಜಿದವರೆಲ್ಲ ಬಲ್ಲರು. ಹತ್ತು ಮೈಕ್ರಾನಿಗಿಂತ ಸಣ್ಣ ಕಣ ಮೂಗಿನ ಕಾವಲನ್ನು ದಾಟಿ ಒಳಗೆ ಹೋಗುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂಬುದನ್ನು ನೆನೆದರೆ ಈ ಕಣಗಳ ಗಾತ್ರ ಊಹೆಗೆ ಬಂದೀತು. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದಂತೆ, ಒಂದು ದಿನದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ ಮೊದಲನೆಯ ಬಗೆಯದು 100 ಮೈಕ್ರೋಗ್ರಾಂ, ಎರಡನೆಯದು 60 ಮೈಕ್ರೋಗ್ರಾಂ ದಾಟಬಾರದು.

ಧೂಳನ್ನು ಹಿಡಿಯುವ ಉಪಾಯಗಳು ವಿಜ್ಞಾನಕ್ಕೆ ಹೊಸದಲ್ಲ. ಪುಡಿ ಸಾಗಿಸುವ ಪಟ್ಟಿಗಳಿಗೆ ಮುಚ್ಚಿಗೆ, ಹೊರಹೋಗುವ ಗಾಳಿಗೆ ಉದ್ದನೆಯ ಬಟ್ಟೆಯ ಚೀಲಗಳ ಸೋಸುಯಂತ್ರ, ಡಾಂಬರಿನ ಹೊಗೆಗೆ ಬೇರೆ ಶುದ್ಧೀಕರಣ. ಇದರಲ್ಲಿ ಇನ್ನೊಂದು ಪಾಠವೂ ಇದೆ. ಗ್ರಾಫೈಟ್ ಪುಡಿಗೆ ಬೆಲೆಯಿದೆ; ಉಕ್ಕಿಗೆ ಇಂಗಾಲ ಬೆರೆಸಲು ಅದನ್ನು ಕೊಳ್ಳುವವರಿದ್ದಾರೆ. ಗಾಳಿಗೆ ಹೋದರೆ ಅದು ಧೂಳು, ಚೀಲದಲ್ಲಿ ನಿಂತರೆ ಸರಕು. ಗುಜರಿ ಕರಗಿಸುವ ಕುಲುಮೆಯದೂ ಇದೇ ಕಥೆ. ತಗಡಿನ ಮೇಲಿನ ಸತುವಿನ ಲೇಪ ಶಾಖಕ್ಕೆ ಆವಿಯಾಗಿ ಧೂಳಿನಲ್ಲಿ ಸೇರುತ್ತದೆ. ಆ ಧೂಳನ್ನು ಹಿಡಿದಿಟ್ಟರೆ ಅದರಿಂದ ಸತುವನ್ನು ಮರಳಿ ಪಡೆಯುತ್ತಾರೆ.

ಚಕ್ರದಿಂದ ಹೊರಗೆ ಸಿಡಿಯುವುದು ಯಾರದೋ ಮನೆಯಂಗಳದಲ್ಲಿ ಬಿದ್ದೇ ಬೀಳುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದ ಚಕ್ರ ಪೂರ್ತಿ ಚಕ್ರವಲ್ಲ.

ತಾಮ್ರದ ತೊಡಕು

ಎರಡನೆಯ ಸೋರಿಕೆ ಕಣ್ಣಿಗೆ ಕಾಣದ್ದು. ಅದು ಉಕ್ಕಿನ ಒಳಗೇ ಅವಿತು ಕೂರುತ್ತದೆ.

ಗುಜರಿಯ ಜೊತೆ ಕುಲುಮೆಗೆ ಮಣ್ಣು, ತುಕ್ಕು, ಸಿಲಿಕಾನ್, ಮ್ಯಾಂಗನೀಸ್ ಎಲ್ಲವೂ ಹೋಗುತ್ತವೆ. ಆಮ್ಲಜನಕ ಊದಿ, ಸುಣ್ಣ ಹಾಕಿದರೆ ಅವುಗಳಲ್ಲಿ ಹೆಚ್ಚಿನವು ಆಕ್ಸೈಡುಗಳಾಗಿ ಮೇಲೆ ತೇಲುವ ಕಿಟ್ಟಕ್ಕೆ ಸೇರುತ್ತವೆ. ತಾಮ್ರ ಮಾತ್ರ ಹೋಗುವುದಿಲ್ಲ. ಕಾರಣ ಹತ್ತನೆಯ ತರಗತಿಯ ಪಾಠದಲ್ಲೇ ಇದೆ. ಮೈಲುತುತ್ತದ ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಮೊಳೆಯ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ. ಕ್ರಿಯಾಶೀಲತೆಯ ಸರಣಿಯಲ್ಲಿ ತಾಮ್ರ ಕಬ್ಬಿಣಕ್ಕಿಂತ ಕೆಳಗಿದೆ. ಆದ್ದರಿಂದ ಕುಲುಮೆಯಲ್ಲಿ ಎಷ್ಟೇ ಆಮ್ಲಜನಕ ಊದಿದರೂ ಮೊದಲು ಉರಿದುಹೋಗುವುದು ಕಬ್ಬಿಣ. ತಾಮ್ರ ಹಾಯಾಗಿ ಉಳಿದುಕೊಳ್ಳುತ್ತದೆ. ಹಾಲಿಗೆ ಹುಳಿ ಹಿಂಡಿದ ಹಾಗೆ, ಬೆರೆತ ಮೇಲೆ ಬಿಡಿಸಲು ಬಾರದು.

ಉಳಿದರೆ ಉಳಿಯಲಿ, ತೊಂದರೆಯೇನು? ಈ ಉಕ್ಕನ್ನು ತಗಡು ಮಾಡಲು ಮತ್ತೆ ಕೆಂಪಗೆ ಕಾಯಿಸಿ ಉರುಳೆಗಳ ನಡುವೆ ಒತ್ತುತ್ತಾರೆ. ಆಗ ಮೇಲ್ಮೈಯ ಕಬ್ಬಿಣ ತುಕ್ಕಿನ ಹೊಪ್ಪಳೆಯಾಗಿ ಉದುರುತ್ತದೆ, ತಾಮ್ರ ಅಲ್ಲೇ ಶೇಖರವಾಗುತ್ತದೆ. ತಾಮ್ರ 1,085 ಡಿಗ್ರಿಗೇ ಕರಗುವುದರಿಂದ ದ್ರವವಾಗಿ ಉಕ್ಕಿನ ಹರಳುಗಳ ಸಂದಿಗೆ ಇಳಿಯುತ್ತದೆ. ಒತ್ತಿದೊಡನೆ ಮೇಲ್ಮೈ ಬಿರುಕು ಬಿಡುತ್ತದೆ. ಡಬ್ಬಿಗಳ ಲೇಪದಿಂದ ಬರುವ ತವರ ಸೇರಿದರೆ ಬಿರುಕು ಇನ್ನೂ ಬೇಗ. ಕಟ್ಟಡದ ಸರಳಿಗೆ ಶೇಕಡಾ 0.4ರಷ್ಟು ತಾಮ್ರ ನಡೆದೀತು. ಅಂದರೆ ಟನ್ನಿಗೆ ನಾಲ್ಕು ಕಿಲೋ. ಕಾರಿನ ಮೈಗೆ ಬೇಕಾದ ತೆಳು ತಗಡಿಗೆ ಶೇಕಡಾ 0.06ರಷ್ಟೇ, ಟನ್ನಿಗೆ 600 ಗ್ರಾಂ. ಇಂದಿನ ಸಾಮಾನ್ಯ ಕಾರೊಂದರ ತಂತಿ, ಮೋಟಾರುಗಳಲ್ಲೇ ಇಪ್ಪತ್ತು ಕಿಲೋ ಆಸುಪಾಸು ತಾಮ್ರವಿರುತ್ತದೆ. ವಿದ್ಯುತ್ ಕಾರಿನಲ್ಲಿ ಇದರ ಹಲವು ಪಟ್ಟು.

ಹೀಗಾಗಿ ಕಾರನ್ನು ಇಡಿಯಾಗಿ ಯಂತ್ರಕ್ಕೆ ಹಾಕಿ ಚೂರು ಮಾಡಿದರೆ ಅದರ ಉಕ್ಕು ಮತ್ತೆ ಕಾರಾಗುವುದಿಲ್ಲ, ಸರಳಾಗಿ ಕೆಳದರ್ಜೆಗೆ ಇಳಿಯುತ್ತದೆ. ಕಾರಿನ ಉಕ್ಕು ಪುನಃ ಕಾರಾಗಬೇಕಾದರೆ ತಂತಿಯ ಕಟ್ಟು ಒಂದೇ ಎಳೆತಕ್ಕೆ ಹೊರಬರುವಂತಿರಬೇಕು, ಮೋಟಾರು ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರಬೇಕು. ಇದನ್ನು ಕುಲುಮೆಯವನು ಮಾಡಲಾರ. ಹತ್ತು ಹದಿನೈದು ವರ್ಷ ಮೊದಲೇ, ನಕ್ಷೆ ಬರೆಯುವ ಎಂಜಿನಿಯರ್ ಮಾಡಿರಬೇಕು. ವಸ್ತುವಿನ ಮರುಹುಟ್ಟು ಅದರ ಮೊದಲ ನಕ್ಷೆಯಲ್ಲೇ ಬರೆದಿರುತ್ತದೆ.

ದೂರವಾಣಿನಗರದ ಪಾಠ

ಅಂಥ ನಕ್ಷೆಗೆ ದೂರದ ಉದಾಹರಣೆ ಹುಡುಕಬೇಕಿಲ್ಲ. ಗರುಡಾಚಾರ್‌ಪಾಳ್ಯದಿಂದ ಮೆಟ್ರೊದಲ್ಲಿ ಇನ್ನೊಂದು ದಿಕ್ಕಿಗೆ ಹೊರಟರೆ ಕೆ.ಆರ್. ಪುರ ನಿಲ್ದಾಣ, ಅಲ್ಲಿಗೆ ಹತ್ತಿರದ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ. ದಶಕಗಳ ಕಾಲ ದೇಶದ ಮನೆ, ಕಚೇರಿಗಳಲ್ಲಿ ಟ್ರಿಣ್‌ಗುಟ್ಟಿದ ಡಯಲ್ ಫೋನುಗಳು ಇಲ್ಲಿಂದ ಹೋದವು. ತಳದ ಸ್ಕ್ರೂ ಬಿಚ್ಚಿದರೆ ಗಂಟೆ, ಸುರುಳಿ, ಡಯಲ್ ಎಲ್ಲವೂ ಬೇರೆ ಬೇರೆ. ಮಾತನಾಡುವ ತುದಿಯ ಮುಚ್ಚಳ ತಿರುಗಿಸಿದರೆ ಇಂಗಾಲದ ಹರಳು ತುಂಬಿದ ಬಿಲ್ಲೆ ಕೈಗೆ ಬರುತ್ತಿತ್ತು. ಅದು ಕೆಟ್ಟರೆ ಅದನ್ನೊಂದೇ ಬದಲಿಸಿದರೆ ಸಾಕು.

ಇದಕ್ಕೊಂದು ಆರ್ಥಿಕ ಕಾರಣವೂ ಇತ್ತು. ಮನೆಯಲ್ಲಿದ್ದ ಫೋನ್ ಮನೆಯವರದಲ್ಲ, ದೂರವಾಣಿ ಇಲಾಖೆಯದು. ಮನೆಯವರು ಕೊಡುತ್ತಿದ್ದುದು ಬಾಡಿಗೆ. ಕೆಟ್ಟರೆ ಸರಿಪಡಿಸುವ ಹೊಣೆ ಇಲಾಖೆಯದು. ಆದ್ದರಿಂದ ಫೋನ್ ಬಾಳಿಕೆ ಬಂದಷ್ಟೂ ಇಲಾಖೆಗೇ ಲಾಭ. ಆ ವ್ಯವಸ್ಥೆಯಲ್ಲಿ ಕುಂದುಗಳು ಬೇಕಾದಷ್ಟಿದ್ದವು. ಒಂದು ಸಂಪರ್ಕಕ್ಕೆ ವರ್ಷಗಟ್ಟಲೆ ಕಾದವರು ಅದನ್ನು ಮರೆತಿರಲಾರರು. ಆದರೆ ಒಂದು ತತ್ತ್ವ ಸರಿಯಾಗಿತ್ತು: ರಿಪೇರಿಯ ಖರ್ಚು ಹೊರುವವನೇ ವಸ್ತುವಿನ ಒಡೆಯನಾದರೆ ವಸ್ತು ಗಟ್ಟಿಯಾಗಿರುತ್ತದೆ. ಇಂದು ಅಂಟು ಹಾಕಿ ಮುಚ್ಚಿದ ಸೆಲ್‌ಫೋನ್ ಕೆಟ್ಟರೆ ಖರ್ಚು ಕೊಂಡವರದು, ಲಾಭ ಮಾರಿದವರದು.

ಈ ಲೆಕ್ಕವನ್ನು ತಿರುಗಿಸುವ ಪ್ರಯತ್ನಗಳು ನಡೆದಿವೆ. 2021ರಲ್ಲಿ ಹಳೇ ವಾಹನಗಳನ್ನು ಕಳಚುವ ನೋಂದಾಯಿತ ಕೇಂದ್ರಗಳಿಗೆ ಕೇಂದ್ರ ಸರ್ಕಾರ ನಿಯಮ ತಂದಿತು. 2022ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ನೇಮಿಸಿತು. 2025ರಲ್ಲಿ ಜಾರಿಗೆ ಬಂದ ನಿಯಮಗಳು ಬಾಳು ಮುಗಿದ ವಾಹನಗಳ ಹೊಣೆಯನ್ನು ಅವುಗಳ ತಯಾರಕರ ಮೇಲೂ ಹೊರಿಸಿವೆ. ಕಡೆಗೆ ಬಿಚ್ಚುವ ಖರ್ಚು ತನ್ನ ತಲೆಗೇ ಬರುತ್ತದೆಂದು ಗೊತ್ತಾದರೆ ತಯಾರಕನೂ ಅಂಟಿನ ಬದಲು ಸ್ಕ್ರೂವಿನ ಕಡೆ ನೋಡಿಯಾನು.

ಶಿವಾಜಿನಗರದ ಕೈಗಳು

ನಿಯಮಗಳು ಬರುವ ಎಷ್ಟೋ ಮೊದಲಿನಿಂದ ಈ ಕೆಲಸ ಮಾಡುತ್ತಿರುವವರು ಬೆಂಗಳೂರಿನಲ್ಲೇ ಇದ್ದಾರೆ. ಹಳೇ ವಾಹನದ ಬಿಡಿಭಾಗ ಬೇಕೆಂದರೆ ಊರಿನವರು ಹುಡುಕಿಕೊಂಡು ಹೋಗುವುದು ಶಿವಾಜಿನಗರದ ಗುಜರಿ ಅಂಗಡಿಗಳಿಗೆ. ಈ ಕಸುಬಿನವರು ವಾಹನವನ್ನು ಸ್ಪ್ಯಾನರ್ ಹಿಡಿದು ಬಿಚ್ಚುತ್ತಾರೆ. ನಡೆಯುವ ಭಾಗ ಒಂದು ಕಡೆ, ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ಒಂದು ಕಡೆ, ಉಳಿದ ಕಬ್ಬಿಣ ಇನ್ನೊಂದು ಕಡೆ. ತಾಮ್ರಕ್ಕೆ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಬೆಲೆ ಇರುವುದರಿಂದ ಅದನ್ನು ಬಿಡದೆ ಆರಿಸುತ್ತಾರೆ. ಕುಲುಮೆ ಬಯಸುವುದೂ ಇದನ್ನೇ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯಲ್ಲಿ ದೊಣ್ಣೆ ಎಲ್ಲವನ್ನೂ ಚೂರು ಮಾಡುವ ಯಂತ್ರವಾದರೆ, ಇವರು ಕುಂಬಾರನ ಕಡೆಯವರು.

ಆದರೆ ಇವರ ಕೈಗೆ ಗವಸಿಲ್ಲ, ಕಣ್ಣಿಗೆ ಕನ್ನಡಕವಿಲ್ಲ. ಕೆಲವೆಡೆ ತಂತಿಯ ಪ್ಲಾಸ್ಟಿಕ್ಕನ್ನು ಸುಟ್ಟು ತಾಮ್ರ ತೆಗೆಯುವುದುಂಟು. ಪಿ.ವಿ.ಸಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊಗೆಯೂ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತವೆ. ಕಪ್ಪು ಧೂಳು ಬಿದ್ದದ್ದು ಮಹಡಿಯ ಮೇಲಾದರೆ, ಈ ಹೊಗೆ ಹೋಗುವುದು ಸುಡುವವನ ಎದೆಗೇ. ಸುಲಭವಾಗಿ ಬಿಚ್ಚಿಕೊಳ್ಳುವ ವಸ್ತುವನ್ನು ವಿನ್ಯಾಸ ಮಾಡಿದವನು ಈ ಎದೆಯನ್ನೂ ಕಾಪಾಡುತ್ತಾನೆ.

ಮನೆಯಲ್ಲೇ ಮಾಡಿ ನೋಡಿ

ಪೆನ್ಸಿಲಿನ ಎರಡೂ ತುದಿ ಚೂಪು ಮಾಡಿ, ಟಾರ್ಚಿನ ಎರಡು ಸೆಲ್ ಹಾಗೂ ಒಂದು ಪುಟ್ಟ ಎಲ್‌ಇಡಿಯೊಂದಿಗೆ ತಂತಿಯಿಂದ ಸಾಲಾಗಿ ಜೋಡಿಸಿ. ಬೆಳಕು ಬಂದರೆ ಗ್ರಾಫೈಟ್ ವಿದ್ಯುದ್ವಾಹಕ ಎಂಬುದು ಖಾತ್ರಿ. ಬಾರದಿದ್ದರೆ ಎಲ್‌ಇಡಿಯನ್ನು ತಿರುಗಿಸಿ ಜೋಡಿಸಿ. ಮನೆಯ ಪ್ಲಗ್ಗಿನಲ್ಲಿ ಈ ಪ್ರಯೋಗ ಖಂಡಿತ ಬೇಡ.

ಎರಡನೆಯದು, ತಂದೆತಾಯಿಯರ ಜೊತೆ ಕೂತು ಮಾಡುವಂಥದು. ಕೆಟ್ಟುಹೋದ ಕೈಟಾರ್ಚ್ ಅಥವಾ ಸೆಲ್ ತೆಗೆದ ಗೋಡೆ ಗಡಿಯಾರವನ್ನು ಬಿಚ್ಚಿ, ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆಯಿರಿ: ಎಷ್ಟು ಸ್ಕ್ರೂ, ಎಷ್ಟು ಕಡೆ ಅಂಟು, ಎಷ್ಟು ಬಗೆಯ ವಸ್ತು, ಮುರಿಯದೆ ಎಷ್ಟು ಭಾಗ ಹೊರಬಂತು. ಅಯಸ್ಕಾಂತ ತಾಗಿಸಿದರೆ ಕಬ್ಬಿಣ ಯಾವುದು, ತಾಮ್ರ ಅಲ್ಯೂಮಿನಿಯಂ ಯಾವುದು ಎಂದು ತಿಳಿಯುತ್ತದೆ. ಟಿ.ವಿ., ಮಿಕ್ಸಿ, ಸೆಲ್‌ಫೋನಿನ ಬ್ಯಾಟರಿಗಳಿಗೆ ಮಾತ್ರ ಕೈ ಹಾಕಬೇಡಿ, ಅವುಗಳಲ್ಲಿ ಅಪಾಯವಿದೆ.

ಈ ನಾಲ್ಕು ಕಾಲಂ ಬರೆದ ಮಗು ಮುಂದೆ ಅಂಗಡಿಗೆ ಹೋದಾಗ ಬಣ್ಣವನ್ನೂ ಬೆಲೆಯನ್ನೂ ಮಾತ್ರ ನೋಡುವುದಿಲ್ಲ, ವಸ್ತುವನ್ನು ಬೋರಲು ಹಾಕಿ ತಳದಲ್ಲಿ ಸ್ಕ್ರೂ ಇದೆಯೇ ಎಂದು ನೋಡುತ್ತದೆ. ಮಾರುವವರಿಗೆ ತಂದೆತಾಯಿಯರು ಒಂದು ಪ್ರಶ್ನೆ ಹಾಕಲಿ: ‘ಇದು ಕೆಟ್ಟರೆ ಬಿಚ್ಚಲು ಬರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ?’ ಒಬ್ಬರು ಕೇಳಿದರೆ ಅಂಗಡಿಯವನು ನಕ್ಕಾನು. ನೂರು ಜನ ಕೇಳಿದರೆ ಆ ಪ್ರಶ್ನೆ ಕಾರ್ಖಾನೆಯ ನಕ್ಷೆಯ ಮೇಜಿನವರೆಗೆ ಹೋಗುತ್ತದೆ.